ಪಕ್ಕವಾದ್ಯದವರ ಪೆಟ್ಟಿಗೆ: ಪಿಟೀಲು ವಿದ್ವಾಂಸರ ಧ್ವನಿಮುದ್ರಣಗಳನ್ನು ಗ್ರಂಥಾಲಯಕ್ಕೆ ಸೇರಿಸುವ ಕ್ರಮ

ಉಡುಪಿಯ ಒಂದು ಹಂಚಿನ ಮನೆಯ ಅಟ್ಟದಿಂದ ಇಳಿಸಿದ ತಗಡಿನ ಟ್ರಂಕಿನಲ್ಲಿ 186 ಕ್ಯಾಸೆಟ್‌ಗಳೂ 14 ಸ್ಪೂಲ್‌ಗಳೂ (ಕವಚವಿಲ್ಲದ ದೊಡ್ಡ ಸುರುಳಿ ಟೇಪುಗಳು) ಇದ್ದವು. ಆ ಮನೆಯ ಹಿರಿಯರು ನಲವತ್ತು ವರ್ಷಗಳಷ್ಟು ಕಾಲ ಕರಾವಳಿಯ ಕಛೇರಿಗಳಲ್ಲಿ ಪಿಟೀಲು ನುಡಿಸಿದವರು. ಆದರೂ ಕ್ಯಾಸೆಟ್‌ಗಳ ಮೇಲಿನ ಚೀಟಿಗಳಲ್ಲಿ ಅವರ ಹೆಸರು ಇದ್ದದ್ದು ಎಣಿಸಿ 9 ಕಡೆ ಮಾತ್ರ. ಉಳಿದವುಗಳ ಮೇಲೆ ಹಾಡಿದವರ ಹೆಸರು, ಹೆಚ್ಚೆಂದರೆ ‘ರಾಜಾಂಗಣ, ರಾತ್ರಿ’ ಎಂಬಂಥ ಒಂದು ಟಿಪ್ಪಣಿ, ಅಷ್ಟೇ. (ರಾಜಾಂಗಣ ಎಂದರೆ ಉಡುಪಿ ಕೃಷ್ಣಮಠದ ಸಭಾಂಗಣ.)

ಪಿಟೀಲು ವಿದ್ವಾಂಸರ ಸಂಗ್ರಹವನ್ನು ಉಳಿಸಲು ಹೊರಟವರು ಎದುರಿಸಬೇಕಾದ ಮುಖ್ಯ ತೊಡಕು ಇದೇ. ಗಾಯಕರ ಸಂಗೀತ ಗಾಯಕರ ಹೆಸರಿನಲ್ಲೇ ಸಿಗುತ್ತದೆ. ಪಿಟೀಲಿನವರ ಜೀವಮಾನದ ಬಹುಪಾಲು ನುಡಿಸಾಣಿಕೆ ಇನ್ನೊಬ್ಬರ ಹೆಸರಿನಡಿ ಹುದುಗಿರುತ್ತದೆ. ಏಳು ತಂತಿಯ ಪಿಟೀಲಿನ ಮೈಸೂರು ಟಿ. ಚೌಡಯ್ಯನವರಂಥವರ ಧ್ವನಿಯನ್ನೂ ಗಾಯಕ ಚೆಂಬೈ ವೈದ್ಯನಾಥ ಭಾಗವತರ ಕಛೇರಿಗಳ ಒಳಗೆ ಹುಡುಕಬೇಕಾಗುತ್ತದೆ. ನಮ್ಮ ಊರಿನವರೇ ಆದ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕ್ಯಾಸೆಟ್ ಎಂದು ಎತ್ತಿಟ್ಟುಕೊಂಡ ಎಷ್ಟೋ ಮುದ್ರಣಗಳಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲೂ ಅಷ್ಟೇ ತುಂಬಿಕೊಂಡಿದೆ. ಆದ್ದರಿಂದ ಟೇಪನ್ನು ಡಿಜಿಟಲ್ ಮಾಡಿ ಗ್ರಂಥಾಲಯಕ್ಕೆ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಆ ಟೇಪಿನ ಒಳಗೆ ಯಾರು, ಎಲ್ಲಿ, ಯಾವ ನಿಮಿಷದಲ್ಲಿ ನುಡಿಸಿದ್ದಾರೆ ಎಂಬುದನ್ನು ಬರೆದುಕೊಡದಿದ್ದರೆ ಅದು ಗಾಯಕರ ಸಂಗ್ರಹವಾಗಿ ಉಳಿಯುತ್ತದೆ. ಈ ಮಾರ್ಗದರ್ಶಿಯನ್ನು ಕುಟುಂಬದವರು, ಶಿಷ್ಯರು ಮತ್ತು ಕಾಲೇಜು ಗ್ರಂಥಪಾಲಕರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಮುಟ್ಟುವ ಮೊದಲು ಪಟ್ಟಿ

ಪೆಟ್ಟಿಗೆ ಕೈಗೆ ಬಂದ ದಿನ ಯಾವ ಕ್ಯಾಸೆಟ್ಟನ್ನೂ ಹಾಕಿ ಕೇಳಬೇಡಿ. ಹಳೆಯ ಟೇಪು ಎರಡನೇ ಸಲ ಓಡುತ್ತದೆಂಬ ಭರವಸೆ ಇಲ್ಲವಾದ್ದರಿಂದ, ಅದು ಓಡುವ ಮೊದಲ ಸಲವೇ ಮುದ್ರಣವಾಗಬೇಕು. ಆ ದಿನ ಮಾಡಬೇಕಾದ ಕೆಲಸ ಪೆಟ್ಟಿಗೆಯಲ್ಲಿ ವಸ್ತುಗಳು ಯಾವ ಸಾಲಿನಲ್ಲಿ ಇದ್ದವೋ ಅದೇ ಸಾಲಿನಲ್ಲಿ ಹೊರತೆಗೆದು, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು, ಹೊರಕವಚ, ಒಳಚೀಟಿ, ಕ್ಯಾಸೆಟ್‌ನ ಎರಡೂ ಬದಿಗಳ ಚಿತ್ರ ತೆಗೆಯುವುದು. ಸಂಖ್ಯೆಯನ್ನು ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯಾಗಿ ಕವಚದೊಳಗೆ ಇಡಿ. ಹಳೆಯ ಬರಹದ ಮೇಲೆ ಏನನ್ನೂ ಅಂಟಿಸಬೇಡಿ. ಒಂದು ಕ್ಯಾಸೆಟ್ ಬೇರೊಂದರ ಕವಚದಲ್ಲಿ ಸಿಕ್ಕಿದರೆ ‘ಸರಿ’ ಮಾಡಲು ಹೋಗದೆ, ಸಿಕ್ಕಿದ್ದು ಹಾಗೆಯೇ ಎಂದು ಬರೆದುಕೊಳ್ಳಿ. ಅಕ್ಕಪಕ್ಕದಲ್ಲಿದ್ದ ನಾಲ್ಕು ಕ್ಯಾಸೆಟ್‌ಗಳು ಒಂದೇ ಸಂಗೀತೋತ್ಸವದವು ಎಂಬ ಸುಳಿವು ಬಹಳ ಸಲ ಸಿಗುವುದು ಆ ಸಾಲಿನಿಂದಲೇ.

ಕ್ಯಾಸೆಟ್‌ನ ಬೆನ್ನಿನ ಅಂಚಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ನಾಲಗೆಗಳಿರುತ್ತವೆ. ಅವು ಇನ್ನೂ ಮುರಿಯದೆ ಇದ್ದರೆ ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಎರಡನ್ನೂ ಮುರಿದುಬಿಡಿ. ಆಮೇಲೆ ಯಾರು ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಆ ಟೇಪಿನ ಮೇಲೆ ಹೊಸದು ಮುದ್ರಣವಾಗದು. ಈ ಒಂದು ಕೆಲಸವನ್ನು ಎಲ್ಲ ಕ್ಯಾಸೆಟ್‌ಗಳಿಗೂ ಮುಗಿಸಿದ ಮೇಲೆಯೇ ಯಂತ್ರದ ಹತ್ತಿರ ಹೋಗಿ.

ಟೇಪುಗಳಷ್ಟೇ ಮುಖ್ಯವಾದದ್ದು ಕಾಗದ. ಪಕ್ಕವಾದ್ಯದವರು ಇಟ್ಟುಕೊಂಡ ಡೈರಿ ಸಿಕ್ಕಿದರೆ ಅದನ್ನು ಚಿನ್ನದಂತೆ ಕಾಯಬೇಕು. ನಾನು ನೋಡಿದ ಡೈರಿಯಲ್ಲಿ ಸಂಗೀತದ ಬಗ್ಗೆ ಒಂದಕ್ಷರವೂ ಇರಲಿಲ್ಲ. ತಾರೀಕು, ಊರು, ಹಾಡುವವರ ಹೆಸರಿನ ಮೊದಲಕ್ಷರ, ಸಂಭಾವನೆ, ಬಸ್ಸಿನ ಖರ್ಚು, ಹೊಸ ತಂತಿಗೆ ಕೊಟ್ಟ ದುಡ್ಡು ಇಷ್ಟೇ ಇದ್ದವು. ಆದರೆ ಟ್ರಂಕಿನ ಅರ್ಧದಷ್ಟು ಕ್ಯಾಸೆಟ್‌ಗಳಿಗೆ ದಿನಾಂಕ ಹೊಂದಿದ್ದು ಆ ಲೆಕ್ಕದಿಂದಲೇ. ಆಮಂತ್ರಣ ಪತ್ರಿಕೆಗಳು, ಆಕಾಶವಾಣಿಯ ಕರಾರು ಪತ್ರಗಳು, ಫೋಟೋಗಳ ಹಿಂಬದಿಯ ಬರಹ ಇವನ್ನೂ ಇದೇ ಸಂಖ್ಯಾಕ್ರಮದ ಪಟ್ಟಿಯೊಳಗೆ ಸೇರಿಸಿ.

ಮಳೆಗಾಲ ಮತ್ತು ಬೂಷ್ಟು

ಮಂಗಳೂರು, ಉಡುಪಿಗಳಲ್ಲಿ ಟೇಪಿನ ದೊಡ್ಡ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಗಳಲ್ಲಿ ಟೇಪಿನ ಸುತ್ತುಗಳ ಅಂಚಿನಲ್ಲಿ ಬಿಳಿ ಪುಡಿಯಂಥ ಬೂಷ್ಟು ಹಿಡಿಯುತ್ತದೆ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ಪೆಟ್ಟಿಗೆ ತೆರೆದು ಕೆಲಸ ಶುರು ಮಾಡುವುದು ಅವಿವೇಕ. ದೀಪಾವಳಿ ಕಳೆದು ಒಣಹವೆ ಬೀಳುವವರೆಗೆ ಕಾದು, ಡಿಸೆಂಬರ್‌ನಿಂದ ಮಾರ್ಚ್‌ ಒಳಗೆ ಮುಖ್ಯ ಕೆಲಸ ಮುಗಿಸುವಂತೆ ಯೋಜಿಸಿಕೊಳ್ಳಿ.

ಬೂಷ್ಟು ಕಂಡ ಕ್ಯಾಸೆಟ್‌ಗಳನ್ನು ಒಳ್ಳೆಯವುಗಳಿಂದ ತಕ್ಷಣ ಬೇರ್ಪಡಿಸಿ. ಅವನ್ನು ಬಿಸಿಲಿಗೆ ಒಣಗಲು ಇಡಬಾರದು. ಬಿಸಿಲಿನಲ್ಲಿ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಟೇಪು ಹಿಗ್ಗುತ್ತದೆ. ಗಾಳಿಯಾಡುವ ನೆರಳಿನಲ್ಲಿ, ಇಲ್ಲವೆ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಇಟ್ಟರೆ ಬೂಷ್ಟು ಒಣಗಿ ಪುಡಿಯಾಗುತ್ತದೆ. ನಂತರ ಮುಖಗವಸು ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್ಷಿನಿಂದ ಅಂಚುಗಳನ್ನು ಒರೆಸಿ. ನೀರನ್ನಾಗಲಿ, ಮನೆಯಲ್ಲಿ ಸಿಗುವ ಯಾವುದೇ ದ್ರಾವಣವನ್ನಾಗಲಿ ಟೇಪಿಗೆ ಸೋಕಿಸಬೇಡಿ. ಬೂಷ್ಟಿನ ಟೇಪು ಓಡಿದ ಯಂತ್ರವನ್ನು ಪೂರ್ತಿ ಶುಚಿ ಮಾಡದೆ ಇನ್ನೊಂದು ಟೇಪು ಹಾಕಿದರೆ ರೋಗವನ್ನು ನೀವೇ ಹಂಚಿದಂತಾಗುತ್ತದೆ.

ಹಳೆಯ ಗ್ರಾಮಾಫೋನಿನ 78 ಆರ್‌ಪಿಎಂ ತಟ್ಟೆಗಳಿಗೆ ಬೇರೆ ಎಚ್ಚರ ಬೇಕು. ಅವನ್ನು ಅರಗಿನಿಂದ ಮಾಡಿರುವುದರಿಂದ, ಟೇಪ್ ಹೆಡ್ (ಯಂತ್ರದಲ್ಲಿ ಟೇಪಿನ ಧ್ವನಿಯನ್ನು ಓದುವ ಭಾಗ) ಒರೆಸುವ ಆಲ್ಕೊಹಾಲ್ ತಗುಲಿದರೆ ಮೇಲ್ಮೈಯೇ ಕರಗುತ್ತದೆ. ಅವನ್ನು ನುಡಿಸಲು ಎಲ್‌ಪಿ ಸೂಜಿಗಿಂತ ದಪ್ಪನೆಯ ಬೇರೆ ಸೂಜಿ ಬೇಕು. ತಟ್ಟೆಯ ನಡುಚೀಟಿಯ ಸುತ್ತ ಕೊರೆದಿರುವ ಸಂಖ್ಯೆಯನ್ನು ಮರೆಯದೆ ಬರೆದುಕೊಳ್ಳಿ.

ಯಾವುದು ಮೊದಲು

ಎಲ್ಲವನ್ನೂ ಒಂದೇ ಸಲ ಮಾಡಲಾಗದು. ಬೇರೆಲ್ಲೂ ಸಿಗದ್ದು ಮತ್ತು ಬೇಗ ಹಾಳಾಗುವುದು ಮೊದಲು ಎಂಬ ನಿಯಮ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಮಾರಾಟವಾದ ಕ್ಯಾಸೆಟ್‌ನ ಇನ್ನೊಂದು ಪ್ರತಿ ಯಾರಲ್ಲಾದರೂ ಇರುತ್ತದೆ. ಮನೆಯ ಜಗಲಿಯಲ್ಲಿ ಶಿಷ್ಯರಿಗೆ ಪಾಠ ಹೇಳುತ್ತ ಮುದ್ರಿಸಿದ ಟೇಪು ಅದೊಂದೇ. ನನ್ನ ಲೆಕ್ಕದಲ್ಲಿ ಪಾಠದ ಟೇಪುಗಳಿಗೆ ಕಛೇರಿಯ ಟೇಪುಗಳಿಗಿಂತಲೂ ಮೊದಲ ಸ್ಥಾನ, ಏಕೆಂದರೆ ಬೆರಳು ಯಾವ ತಂತಿಯಲ್ಲಿ ಜಾರಬೇಕು, ಕಮಾನು ಎಲ್ಲಿ ತಿರುಗಬೇಕು ಎಂದು ಗುರುಗಳು ಬಾಯಿಬಿಟ್ಟು ಹೇಳಿರುವುದು ಅಲ್ಲಿ ಮಾತ್ರ.

ಸ್ಪೂಲ್‌ಗಳನ್ನು ಮೂಸಿ ನೋಡಿ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನ ಟೇಪು, ಕೊಳೆಯಲು ಶುರುವಾಗಿದೆ ಎಂದು ಅರ್ಥ. ಅದಕ್ಕೆ ಮೊದಲ ಸರದಿ. ಬೆಳಕಿಗೆ ಹಿಡಿದಾಗ ಅಸಿಟೇಟ್ ಸುರುಳಿಯ ಮೂಲಕ ಬೆಳಕು ಹಾಯುತ್ತದೆ, ಪಾಲಿಯೆಸ್ಟರ್ ಸುರುಳಿ ಕಪ್ಪಾಗಿಯೇ ಕಾಣುತ್ತದೆ. ಓಡಿಸಿದಾಗ ಕಿರುಗುಟ್ಟುತ್ತ, ಹೆಡ್ಡಿನ ಮೇಲೆ ಕಂದು ಅಂಟು ಬಿಡುವ ಪಾಲಿಯೆಸ್ಟರ್ ಟೇಪುಗಳನ್ನು ತಕ್ಷಣ ನಿಲ್ಲಿಸಿ ಬದಿಗಿಡಿ. ತೇವ ಹೀರಿ ಅಂಟಾದ ಆ ಟೇಪುಗಳನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ತಾತ್ಕಾಲಿಕವಾಗಿ ಸರಿಪಡಿಸುವ ವಿಧಾನವಿದೆಯಾದರೂ ಅದು ಅನುಭವಿ ಪ್ರಯೋಗಾಲಯದ ಕೆಲಸ, ಅಡುಗೆಮನೆಯ ಓವನ್ನಿನದಲ್ಲ. ಅಸಿಟೇಟ್ ಟೇಪಿಗಂತೂ ಶಾಖ ಕೂಡಲೇ ಕೂಡದು.

ಮನೆಯಲ್ಲೇ ಬರೆದ ಸಿಡಿಗಳಿದ್ದರೆ ಅವನ್ನು ಇವತ್ತೇ ಕಂಪ್ಯೂಟರಿಗೆ ನಕಲು ಮಾಡಿ. ಎಂಪಿ3 ಕಡತಗಳು ಮಾತ್ರ ಉಳಿದಿದ್ದರೆ ಹಾಗೆಯೇ ಇಡಿ. ಅವನ್ನು ದೊಡ್ಡ ಕಡತಕ್ಕೆ ಬದಲಿಸಿದ ಮಾತ್ರಕ್ಕೆ ಕಳೆದುಹೋದ ನಾದ ಮರಳುವುದಿಲ್ಲ.

ಡಿಜಿಟಲ್ ರೂಪಕ್ಕೆ ವರ್ಗಾವಣೆ

ಒಳ್ಳೆಯ ಸ್ಥಿತಿಯ ಒಂದು ಕ್ಯಾಸೆಟ್ ಡೆಕ್, ಧ್ವನಿಯನ್ನು ಅಂಕಿಗಳಿಗೆ ಬದಲಿಸುವ ಒಂದು ಆಡಿಯೊ ಇಂಟರ್‌ಫೇಸ್, ಒಂದು ಕಂಪ್ಯೂಟರ್, ಒಳ್ಳೆಯ ಹೆಡ್‌ಫೋನ್: ಇಷ್ಟಿದ್ದರೆ ಕ್ಯಾಸೆಟ್‌ಗಳ ಕೆಲಸ ಊರಿನಲ್ಲೇ ಆಗುತ್ತದೆ. ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘ, ಅಂದರೆ ಐಎಎಸ್‌ಎ, ತನ್ನ ಟಿಸಿ-04 ಮಾರ್ಗಸೂಚಿಯಲ್ಲಿ ಕನಿಷ್ಠ 48 ಕಿಲೋಹರ್ಟ್ಸ್, ಸಾಧ್ಯವಾದರೆ 96 ಕಿಲೋಹರ್ಟ್ಸ್ ಮಾದರಿ ದರವನ್ನೂ (ಸೆಕೆಂಡಿಗೆ ಧ್ವನಿಯನ್ನು ಅಳೆಯುವ ಸಲ) 24 ಬಿಟ್ ಆಳವನ್ನೂ (ಪ್ರತಿ ಅಳತೆಯ ಸೂಕ್ಷ್ಮತೆ) ಧ್ವನಿಯನ್ನು ಕುಗ್ಗಿಸದೆ ಇಡುವ ಬ್ರಾಡ್‌ಕಾಸ್ಟ್ ವೇವ್ ಕಡತವನ್ನೂ ಸೂಚಿಸುತ್ತದೆ. 96 ಕಿಲೋಹರ್ಟ್ಸ್, 24 ಬಿಟ್, ಎರಡು ಚಾನೆಲ್ ಎಂದರೆ ಗಂಟೆಗೆ ಸುಮಾರು 2.07 ಜಿಬಿ. 90 ನಿಮಿಷದ 180 ಕ್ಯಾಸೆಟ್‌ಗಳು, ಅಂದರೆ 270 ಗಂಟೆಗಳ ಸಂಗೀತ, ಸುಮಾರು 560 ಜಿಬಿಯಲ್ಲಿ ಹಿಡಿಯುತ್ತದೆ. ಇಂದಿನ ಹಾರ್ಡ್ ಡಿಸ್ಕ್‌ಗಳಿಗೆ ಇದು ದೊಡ್ಡ ಹೊರೆಯಲ್ಲ. ಜಾಗ ಉಳಿಸಲು ಗುಣಮಟ್ಟ ಇಳಿಸುವ ಕಾರಣ ಈಗ ಉಳಿದಿಲ್ಲ.

ಪ್ರತಿ ಕ್ಯಾಸೆಟ್‌ಗೂ ಮೊದಲು ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ ಒಣಗಲು ಬಿಡಿ. ನಂತರ ಮಾಡಬೇಕಾದ, ಹೆಚ್ಚಿನವರು ಬಿಟ್ಟುಬಿಡುವ ಕೆಲಸವೊಂದಿದೆ. ಹೆಡ್ಡಿನ ಪಕ್ಕದ ಪುಟ್ಟ ತಿರುಪು ಹೆಡ್ಡಿನ ಓರೆಯನ್ನು ನಿರ್ಧರಿಸುತ್ತದೆ. ಮೂಲ ಮುದ್ರಣ ಮಾಡಿದ ಯಂತ್ರದ ಓರೆಗೂ ನಿಮ್ಮ ಯಂತ್ರದ ಓರೆಗೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಿಟೀಲಿನ ತಾರಸ್ಥಾಯಿ ಮಂಕಾಗುತ್ತದೆ, ಕಮಾನು ತಂತಿಯನ್ನು ಕಚ್ಚುವ ಸದ್ದು ಮಾಯವಾಗುತ್ತದೆ. ಎರಡೂ ಚಾನೆಲ್‌ಗಳನ್ನು ಒಂದಾಗಿಸಿ ಕೇಳುತ್ತ, ತಿರುಪನ್ನು ಎಳ್ಳಿನಷ್ಟು ಈಚೆ ಆಚೆ ತಿರುಗಿಸಿದರೆ ಒಂದು ಕಡೆ ನಾದ ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತದೆ, ಅಲ್ಲಿಗೆ ನಿಲ್ಲಿಸಿ. ತಂಬೂರಿಯ ಜವಾರಿ, ಅಂದರೆ ಝೇಂಕಾರ, ಕೇಳಿಸತೊಡಗಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಬದಿ ಬದಲಿಸಿದಾಗ ಮತ್ತೆ ಇದೇ ಕೆಲಸ. ಟೇಪಿನ ಸುಯ್‌ಗುಡುವ ಹಿಸ್ ಸದ್ದನ್ನು ತಗ್ಗಿಸುವ ಡಾಲ್ಬಿ ಗುಂಡಿಯನ್ನು, ಚೀಟಿಯಲ್ಲಿ ಡಾಲ್ಬಿ ಎಂದು ಬರೆದಿರದ ಹೊರತು, ಬಂದ್ ಮಾಡಿಯೇ ಇಡಿ.

ಕ್ಯಾಸೆಟ್‌ನೊಳಗೆ ಟೇಪನ್ನು ಹೆಡ್ಡಿಗೆ ಒತ್ತುವ ಚಿಕ್ಕ ಬಟ್ಟೆಯ ತುಣುಕು ಉದುರಿಹೋಗಿದ್ದರೆ ಧ್ವನಿ ಬಂದು ಬಂದು ಹೋಗುತ್ತದೆ. ಆಗ ಐದು ತಿರುಪುಗಳಿರುವ, ಬಿಚ್ಚಬಹುದಾದ ಬೇರೆ ಕ್ಯಾಸೆಟ್ ತಂದು, ಹಳೆಯ ಎರಡು ಸುರುಳಿಗಳನ್ನು ಅದರೊಳಗೆ ಕೂರಿಸಿ ಓಡಿಸಿ. ಹಳೆಯ ಚಿಪ್ಪನ್ನು ಎಸೆಯಬೇಡಿ, ಅದರ ಮೇಲಿನ ಕೈಬರಹ ದಾಖಲೆ.

ಮುದ್ರಣದ ಮಟ್ಟವನ್ನು ಅತಿ ಜೋರಿನ ಜಾಗದಲ್ಲೂ, ಧ್ವನಿ ಒಡೆಯುವ ಮಿತಿಯಾದ ಶೂನ್ಯ ಡೆಸಿಬೆಲ್‌ಗಿಂತ 6ರಿಂದ 10 ಡೆಸಿಬೆಲ್ ಕೆಳಗೆ ಉಳಿಯುವಂತೆ ಹೊಂದಿಸಿ. ಮೃದಂಗದವರೇ ನುಡಿಸುವ ತನಿ ಆವರ್ತನದ ಕೊನೆಯ ತೀರ್ಮಾನ (ಮುಕ್ತಾಯದ ಭಾಗ) ಹಠಾತ್ತನೆ ಏರುತ್ತದೆ ಎಂಬುದನ್ನು ಮರೆಯಬೇಡಿ. ಟೇಪು ಆರಂಭದಿಂದ ತುದಿಯವರೆಗೆ ನಿಲ್ಲದೆ ಓಡಲಿ. ಹಾಡು ಮುಗಿದು ಮೌನ ಬಂದ ಕೂಡಲೇ ನಿಲ್ಲಿಸುವುದು ದೊಡ್ಡ ತಪ್ಪು: ಒಂದೇ ಕ್ಯಾಸೆಟ್ಟನ್ನು ಎರಡು ಮೂರು ಸಲ ಬಳಸುತ್ತಿದ್ದ ಕಾಲವಾದ್ದರಿಂದ, ಬಾಲದಲ್ಲಿ ಹಿಂದಿನ ಕಛೇರಿಯ ಐದಾರು ನಿಮಿಷ ಅಳಿಯದೆ ಉಳಿದಿರುವುದುಂಟು. ಹಾಡುಗಳ ನಡುವೆ ಬಿರಡೆ ತಿರುಗಿಸಿ ಶ್ರುತಿ ಸೇರಿಸುವುದು, ಸಭಿಕರ ಕೆಮ್ಮು, ಧ್ವನಿವರ್ಧಕದವರ ಗೊಣಗಾಟ, ಎಲ್ಲವೂ ಇರಲಿ.

ಮೂಲ ಕಡತದ ಮೇಲೆ ಯಾವ ‘ಶುದ್ಧೀಕರಣ’ವನ್ನೂ ಮಾಡಬೇಡಿ. ಟೇಪಿನ ಹಿಸ್ ಸದ್ದೂ ಕಮಾನಿನ ಕೂದಲು ತಂತಿಯನ್ನು ಉಜ್ಜುವ ಸದ್ದೂ ಒಂದೇ ಎತ್ತರದ ಆವರ್ತನಗಳಲ್ಲಿ ಇರುವುದರಿಂದ, ತಂತ್ರಾಂಶಕ್ಕೆ ಎರಡನ್ನೂ ಬೇರ್ಪಡಿಸಲು ಕಷ್ಟ. ನಾವು ತೊಡಗುವ ಮೊದಲು ಆ ಮನೆಯವರು 20 ಕ್ಯಾಸೆಟ್‌ಗಳನ್ನು ಒಂದು ಅಂಗಡಿಗೆ ಕೊಟ್ಟಿದ್ದರು. ಅಂಗಡಿಯವರು ಹಿಸ್ ತೆಗೆದು, ಹಾಡುಗಳ ನಡುವಿನ ಭಾಗ ಕತ್ತರಿಸಿ, ಎಂಪಿ3 ಮಾಡಿ ಕೊಟ್ಟರು. ತೋಡಿ ರಾಗದ ಗಾಂಧಾರ ಸ್ವರ ಕೊಳವೆಯೊಳಗಿನಿಂದ ಬಂದಂತೆ ಕೇಳುತ್ತಿತ್ತು. ಪುಣ್ಯಕ್ಕೆ ಮೂಲ ಕ್ಯಾಸೆಟ್‌ಗಳು ವಾಪಸು ಬಂದಿದ್ದವು. ಕೇಳುಗರಿಗಾಗಿ ಸ್ವಚ್ಛಗೊಳಿಸಿದ ಪ್ರತಿ ಬೇಕಾದರೆ ಬೇರೆ ಹೆಸರಿನಲ್ಲಿ ಬೇರೆಯಾಗಿ ಮಾಡಿ.

ವೇಗ ಮತ್ತು ಶ್ರುತಿ

ಬ್ಯಾಟರಿ ಇಳಿದ ಟೇಪ್ ರೆಕಾರ್ಡರಿನಲ್ಲಿ ನಿಧಾನವಾಗಿ ಮುದ್ರಣವಾದದ್ದು ಸರಿಯಾದ ಯಂತ್ರದಲ್ಲಿ ವೇಗವಾಗಿ ಓಡುತ್ತದೆ, ಶ್ರುತಿ ಏರುತ್ತದೆ. ವೇಗ ಶೇಕಡಾ 6ರಷ್ಟು ಹೆಚ್ಚಿದರೆ, ಶ್ರುತಿಯನ್ನು ಅಳೆಯುವ ‘ಮನೆ’ಗಳ ಲೆಕ್ಕದಲ್ಲಿ ಒಂದು ಮನೆಯ ಶ್ರುತಿ ಒಂದೂವರೆ ಮನೆಯಾಗಿ ಕೇಳಿಸುತ್ತದೆ. ಪಕ್ಕವಾದ್ಯದವರು ಪ್ರತಿ ಗಾಯಕರಿಗೂ ತಂತಿಗಳನ್ನು ಬೇರೆ ಬೇರೆಯಾಗಿ ಸೇರಿಸುವುದರಿಂದ ಪಿಟೀಲಿನ ಶ್ರುತಿ ಒಂದನ್ನೇ ನಂಬಿ ವೇಗ ತೀರ್ಮಾನಿಸಲು ಬಾರದು. ಆ ಗಾಯಕರು ಸಾಮಾನ್ಯವಾಗಿ ಎಷ್ಟು ಮನೆ ಶ್ರುತಿಯಲ್ಲಿ ಹಾಡುತ್ತಿದ್ದರು ಎಂದು ತಿಳಿದವರನ್ನು ಕೇಳಬೇಕು.

ಇನ್ನೊಂದು ಸಾಕ್ಷಿ ವಿದ್ಯುತ್ತಿನ ಗುಂಯ್‌ಗುಡುವಿಕೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ, ಸಭಾಂಗಣದ ಮೈಕಿನಲ್ಲಿ ಸೇರಿಕೊಂಡ ಆ ಸದ್ದು ಕಂಪ್ಯೂಟರಿನ ಆವರ್ತನ ಚಿತ್ರದಲ್ಲಿ 53 ಹರ್ಟ್ಸ್‌ನಲ್ಲಿ ಕಂಡರೆ ಟೇಪು ಶೇಕಡಾ 6 ವೇಗವಾಗಿ ಓಡುತ್ತಿದೆ ಎಂದು ಊಹಿಸಬಹುದು. ಆದರೆ ಹಿಂದಿನ ದಶಕಗಳಲ್ಲಿ ವಿದ್ಯುತ್ ಜಾಲದ ಆವರ್ತನವೇ ಏರಿಳಿಯುತ್ತಿದ್ದುದರಿಂದ ಇದನ್ನು ಇತರ ಸುಳಿವುಗಳ ಜೊತೆಗಿಟ್ಟು ನೋಡಬೇಕು. ತಿದ್ದುಪಡಿಯನ್ನು ಕೇಳುವ ಪ್ರತಿಯಲ್ಲಿ ಮಾತ್ರ ಮಾಡಿ, ಎಷ್ಟು ಶೇಕಡಾ ತಿದ್ದಿದಿರಿ ಎಂಬುದನ್ನು ದಾಖಲೆಯಲ್ಲಿ ಬರೆಯಿರಿ.

ಕೇಳಿ ಬರೆಯುವುದು

ಇಲ್ಲಿಂದ ಮುಂದಿನದು ಯಂತ್ರಕ್ಕೆ ಸಂಬಂಧವಿಲ್ಲದ, ಅತಿ ಹೆಚ್ಚು ಹೊತ್ತು ಹಿಡಿಯುವ ಭಾಗ. ಪ್ರತಿ ಕಡತವನ್ನೂ ಸಂಗೀತ ಬಲ್ಲ ಒಬ್ಬರು ಪೂರ್ತಿ ಕೇಳಿ ಕಾಲಸೂಚಿ ಬರೆಯಬೇಕು. ಬರೆಯುವ ಬಗೆ ಹೀಗಿರಲಿ: ‘14:20 ಕಲ್ಯಾಣಿ ಆಲಾಪನೆ, ಗಾಯನ, 22:05 ಕಲ್ಯಾಣಿ ಆಲಾಪನೆ, ಪಿಟೀಲು, 27:40 ಕೃತಿ, ಆದಿತಾಳ, 36:10 ನೆರವಲ್, 41:30 ಕಲ್ಪನಾಸ್ವರ, ಗಾಯನ ಮತ್ತು ಪಿಟೀಲು ಸರದಿ, 45:00 ಬದಿ ಮುಗಿದು ಮಧ್ಯದಲ್ಲಿ ಕಡಿದಿದೆ.’ ಈ ಸಾಲಿನಲ್ಲಿ 22:05ರಿಂದ 27:40ರವರೆಗಿನ ಐದೂವರೆ ನಿಮಿಷಗಳೇ ಆ ವಿದ್ವಾಂಸರ ಸ್ವಂತ ಆಸ್ತಿ. ಗಾಯಕರ ಹೆಸರಿನ ಮುದ್ರಣದೊಳಗೆ ಪಿಟೀಲಿನವರು ಒಬ್ಬರೇ ನುಡಿಸಿದ ಇಂಥ ಆಲಾಪನೆಗಳನ್ನೆಲ್ಲ ಒಟ್ಟು ಹಾಕಿದಾಗ ಒಬ್ಬ ಕಲಾವಿದರ ಕಲ್ಯಾಣಿ ಇಪ್ಪತ್ತು ವರ್ಷಗಳಲ್ಲಿ ಹೇಗೆ ಬೆಳೆಯಿತು ಎಂದು ಕೇಳಲು ಸಾಧ್ಯವಾಗುತ್ತದೆ. ಕಾಲಸೂಚಿ ಇಲ್ಲದಿದ್ದರೆ ಆ ಅಧ್ಯಯನ ಯಾರಿಂದಲೂ ಆಗದು.

ರಾಗ, ತಾಳ, ವಾಗ್ಗೇಯಕಾರ ಈ ಮೂರನ್ನೂ ಕೇಳಿದಂತೆ ಬರೆಯಿರಿ. ಒಂದೇ ದೇವರನಾಮವನ್ನು ಬೇರೆ ಬೇರೆಯವರು ಬೇರೆ ಬೇರೆ ರಾಗಗಳಲ್ಲಿ ಹಾಡುವುದರಿಂದ, ಪುಸ್ತಕದಲ್ಲಿ ಕೊಟ್ಟ ರಾಗವನ್ನು ನೋಡಿ ತುಂಬಿಸುವುದು ಅಪಾಯ. ಸಂದೇಹವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ನುಡಿಸುತ್ತಿರುವವರು ಯಾರು ಎಂದು ಗುರುತಿಸಲು ಊರಿನ ಹಿರಿಯ ರಸಿಕರನ್ನೂ ಮೃದಂಗದವರನ್ನೂ ಕೂರಿಸಿಕೊಂಡು ಕೇಳುವುದು ಒಳ್ಳೆಯದು. ಕಾಫಿ ಆರುವುದರೊಳಗೆ ಅವರು ಹೆಸರು ಹೇಳಿಬಿಡುತ್ತಾರೆ. ಹೇಗೆ ಗೊತ್ತಾಯಿತು ಎಂದು ಕೇಳಿ ಅದನ್ನೂ ಬರೆದುಕೊಳ್ಳಿ. ‘ಸ್ವರ ಮುಗಿಸುವಾಗ ಕಮಾನನ್ನು ಹೀಗೆ ಎಳೆದು ಬಿಡುವುದು ಅವರೇ ಮಾರಾಯ್ರೆ’ ಎಂದು ಒಬ್ಬರು ಗಾಳಿಯಲ್ಲಿ ಕೈ ಬೀಸಿ ತೋರಿಸಿದ್ದನ್ನು ನಾನು ದಾಖಲೆಯ ಟಿಪ್ಪಣಿಯಲ್ಲಿ ಹಾಗೆಯೇ ಸೇರಿಸಿದ್ದೇನೆ. ಹೀಗೆ ಬಂದ ಹೆಸರನ್ನು ‘ಕೇಳಿ ಗುರುತಿಸಿದ್ದು’ ಎಂದೂ, ಚೀಟಿಯಲ್ಲಿ ಇದ್ದದ್ದನ್ನು ‘ಚೀಟಿಯಿಂದ’ ಎಂದೂ, ಡೈರಿಯಿಂದ ಹೊಂದಿಸಿದ್ದನ್ನು ‘ಡೈರಿಯಿಂದ’ ಎಂದೂ ಬೇರೆ ಬೇರೆ ಗುರುತಿಸಬೇಕು.

ದಿನಾಂಕ ಕಂಡುಹಿಡಿಯಲು ನಮ್ಮ ಊರು ಕೆಲವು ಅನುಕೂಲಗಳನ್ನು ಒದಗಿಸಿದೆ. ರಾಜಾಂಗಣದ ಕಛೇರಿಯ ಮುದ್ರಣದಲ್ಲಿ ನಿರೂಪಕರು ಪರ್ಯಾಯ ಶ್ರೀಪಾದರನ್ನು (ಸರದಿಯಂತೆ ಕೃಷ್ಣಮಠದ ಪೂಜೆ ನಡೆಸುವ ಸ್ವಾಮೀಜಿಯನ್ನು) ಹೆಸರಿಸಿದ್ದರೆ ಎರಡು ವರ್ಷಗಳ ಕಿಟಕಿ ಸಿಕ್ಕಿದಂತೆ. ಎಂಟು ಮಠಗಳ ಪರ್ಯಾಯ ಎರಡೆರಡು ವರ್ಷದಂತೆ 16 ವರ್ಷಕ್ಕೊಮ್ಮೆ ಸುತ್ತು ಬರುತ್ತದೆ. ಜನವರಿ 18ರಂದು ಬದಲಾಗುತ್ತದೆ. ಪೇಜಾವರ ಮಠದ ಪರ್ಯಾಯ 1968, 1984, 2000, 2016ರಲ್ಲಿ ಆರಂಭವಾಯಿತು. ಕ್ಯಾಸೆಟ್‌ನಲ್ಲಿ ಆ ಮಠದ ಪರ್ಯಾಯದ ಮಾತು ಬಂದು, ಕ್ಯಾಸೆಟ್ಟೂ ಹಳೆಯದಾಗಿ ಕಂಡರೆ, 1984ರ ಜನವರಿ 18ರಿಂದ 1986ರ ಜನವರಿಯ ನಡುವೆ ಎಂದು ಧೈರ್ಯವಾಗಿ ಯೋಚಿಸಬಹುದು. ಆಮಂತ್ರಣದ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್‌ 15ರ ನಂತರದ್ದು. ‘ಉಡುಪಿ, ದ.ಕ.’ ಎಂದು ಅಚ್ಚಾಗಿದ್ದರೆ, ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಉಡುಪಿ ಜಿಲ್ಲೆಯಾದ 1997ಕ್ಕಿಂತ ಹಿಂದಿನದಿರಬಹುದು. ಅಚ್ಚುಕೂಟದವರು ಹಳೆಯ ಅಭ್ಯಾಸ ಬಿಟ್ಟಿರದಿದ್ದರೆ ಇದು ತಪ್ಪಲೂಬಹುದು. ಮಂಗಳೂರು ಆಕಾಶವಾಣಿಯ ಪ್ರಸಾರವನ್ನು ರೇಡಿಯೊದಿಂದ ಮುದ್ರಿಸಿದ್ದೆಂದು ಗೊತ್ತಾದರೆ ಅದು ನಿಲಯ ಆರಂಭವಾದ 1976ಕ್ಕಿಂತ ಹಿಂದಿನದಾಗಿರಲಾರದು. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಹಿನ್ನೆಲೆಯಲ್ಲಿದ್ದರೆ ಅದನ್ನೂ ಬರೆಯಿರಿ. ತಿಂಗಳು ಊಹಿಸಲು ಅಷ್ಟು ಸಾಕಾದ ಸಂದರ್ಭಗಳಿವೆ.

ಗ್ರಂಥಾಲಯದ ಸೂಚಿಯಲ್ಲಿ

ಕಡತಗಳ ಹೆಸರು ಸರಳವಾಗಿರಲಿ: ಸಂಗ್ರಹದ ಸಂಕೇತ, ಕ್ಯಾಸೆಟ್ ಸಂಖ್ಯೆ, ಬದಿ. ರಾಗದ ಹೆಸರು, ಗಾಯಕರ ಹೆಸರುಗಳನ್ನು ಕಡತದ ಹೆಸರಿಗೆ ತುರುಕಬೇಡಿ. ನಾಳೆ ಆ ಗುರುತು ತಪ್ಪೆಂದು ತಿಳಿದರೆ ಹತ್ತು ಕಡೆ ತಿದ್ದಬೇಕಾಗುತ್ತದೆ.

ಹಲವು ಕಾಲೇಜು ಗ್ರಂಥಾಲಯಗಳು ಮಾರ್ಕ್ 21 ಎಂಬ, ಪ್ರತಿ ವಿವರಕ್ಕೂ ಸಂಖ್ಯೆಯುಳ್ಳ ಒಂದು ಕ್ಷೇತ್ರವಿರುವ ಮಾದರಿಯ ಸೂಚಿ ಇಟ್ಟುಕೊಳ್ಳುತ್ತವೆ. ಕೋಹಾದಂಥ ಉಚಿತ ತಂತ್ರಾಂಶದಲ್ಲಿ ಕನ್ನಡ ಲಿಪಿಯೂ ಕೂರುತ್ತದೆ. ಅಲ್ಲಿ ಕಲಾವಿದರನ್ನು ವಿವರಿಸಲು 511, ಕಛೇರಿ ನಡೆದ ದಿನ ಮತ್ತು ಸ್ಥಳಕ್ಕೆ 518, ಹಾಡಿದ ಕೃತಿಗಳ ಪಟ್ಟಿಗೆ 505 ಎಂಬ ಕ್ಷೇತ್ರಗಳಿವೆ. ಗ್ರಂಥಪಾಲಕರು ಸಾಮಾನ್ಯವಾಗಿ ಪಕ್ಕವಾದ್ಯದವರನ್ನು 511ರ ಟಿಪ್ಪಣಿಯಲ್ಲಿ ಬರೆದು ಸುಮ್ಮನಾಗುತ್ತಾರೆ. ಅದು ಓದಲು ಸಿಗುತ್ತದೆಯೇ ಹೊರತು ಹೆಸರುಗಳ ಸೂಚಿಗೆ ಸೇರುವುದಿಲ್ಲ. ಪಿಟೀಲಿನವರಿಗೂ ಮೃದಂಗದವರಿಗೂ ಒಬ್ಬೊಬ್ಬರಿಗೆ ಒಂದೊಂದು 700 ಕ್ಷೇತ್ರ (ಹೆಸರುಗಳ ಸೂಚಿಗೆ ಸೇರುವ ಕ್ಷೇತ್ರ) ಕೊಡಲೇಬೇಕೆಂದು ಪಟ್ಟು ಹಿಡಿಯಿರಿ. ಇಡೀ ಕೆಲಸದಲ್ಲಿ ಒಂದೇ ಒಂದು ವಿಷಯಕ್ಕೆ ಜಗಳ ಆಡಬೇಕಾದರೆ ನಾನು ಆಡುವುದು ಇದಕ್ಕೇ.

ಹೆಸರಿನ ರೂಪವನ್ನೂ ಒಂದೇ ಆಗಿ ನಿಲ್ಲಿಸಿಕೊಳ್ಳಬೇಕು. ಚೌಡಯ್ಯನವರ ಹೆಸರನ್ನೇ ರೋಮನ್ ಲಿಪಿಯಲ್ಲಿ ಎರಡು ಮೂರು ರೀತಿ ಬರೆಯುವುದನ್ನು ಕಾಣುತ್ತೇವೆ. ಊರಿನ ಹೆಸರು, ತಂದೆಯ ಹೆಸರಿನ ಮೊದಲಕ್ಷರ, ‘ವಿದ್ವಾನ್’ ಎಂಬ ಬಿರುದು ಇವು ಒಂದು ಚೀಟಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದೆ ಹೋದಾಗ, ಒಬ್ಬರೇ ಕಲಾವಿದರು ಸೂಚಿಯಲ್ಲಿ ಮೂವರಾಗುತ್ತಾರೆ. ಅಧಿಕೃತ ರೂಪ ಒಂದು, ಉಳಿದವು ಅದಕ್ಕೆ ಕೊಂಡಿ, ಕನ್ನಡ ಮತ್ತು ರೋಮನ್ ಲಿಪಿಗಳೆರಡರಲ್ಲೂ.

ಹಕ್ಕು ಮತ್ತು ಒಪ್ಪಿಗೆ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಕಟವಾದ ಧ್ವನಿಮುದ್ರಣಕ್ಕೆ, ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ರಕ್ಷಣೆ ಇದೆ; ಪ್ರದರ್ಶಕರ ಹಕ್ಕಿಗೆ 50 ವರ್ಷ. 2012ರ ತಿದ್ದುಪಡಿಯಲ್ಲಿ ಸೇರಿದ 52(1)(ಎನ್) ವಿಧಿಯು, ವಾಣಿಜ್ಯ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವೊಂದು ತನ್ನಲ್ಲಿ ಈಗಾಗಲೇ ಇರುವ, ಡಿಜಿಟಲ್ ಅಲ್ಲದ ಪ್ರತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಆದ್ದರಿಂದ ಡಿಜಿಟಲ್ ಕಡತಗಳ ಜೊತೆಗೆ ಮೂಲ ಟೇಪುಗಳನ್ನೂ ಗ್ರಂಥಾಲಯಕ್ಕೆ ಒಪ್ಪಿಸುವುದು ಕಾನೂನಿನ ದೃಷ್ಟಿಯಿಂದಲೂ ಒಳ್ಳೆಯದು.

ಅಂತರಜಾಲದಲ್ಲಿ ಹಾಕುವುದು ಬೇರೆ ಮಾತು. ಒಂದು ಕಛೇರಿಯಲ್ಲಿ ಹಾಡಿದವರು, ಪಿಟೀಲು, ಮೃದಂಗ, ಘಟ ನುಡಿಸಿದವರು ಎಲ್ಲರಿಗೂ ಹಕ್ಕು ಇರುವುದರಿಂದ, ಪಿಟೀಲಿನವರ ಮಕ್ಕಳು ಸಹಿ ಹಾಕಿದರೆ ಸಾಲದು. ತ್ಯಾಗರಾಜರ, ದೀಕ್ಷಿತರ, ದಾಸರ ರಚನೆಗಳಿಗೆ ಸ್ವಾಮ್ಯದ ತೊಡಕಿಲ್ಲ. ಆದರೆ ವಾಗ್ಗೇಯಕಾರರು ತೀರಿಕೊಂಡ ಮರುವರ್ಷದಿಂದ 60 ವರ್ಷ ಲೆಕ್ಕ ಹಾಕಬೇಕು. 1973ರಲ್ಲಿ ತೀರಿಕೊಂಡ ಪಾಪನಾಶಂ ಶಿವನ್ ಅವರ ಕೃತಿಗಳಿಗೆ ಅದು 2033ರ ಕೊನೆಯವರೆಗೆ ಇರುತ್ತದೆ. ಗ್ರಂಥಾಲಯದ ಒಳಗಿನ ಕಂಪ್ಯೂಟರಿನಲ್ಲಿ ಕೇಳಲು ಮಾತ್ರ ಅನುಮತಿ, ಹೊರಗೆ ಒಯ್ಯಲು ಪ್ರತ್ಯೇಕ ಒಪ್ಪಿಗೆ ಎಂದು ಶುರು ಮಾಡುವುದು ಸುರಕ್ಷಿತ. ಮನೆಯಲ್ಲಿ ಮುದ್ರಿಸಿದ ಪಾಠಗಳಲ್ಲಿ ಖಾಸಗಿ ಮಾತುಗಳಿದ್ದರೆ ಇಂತಿಷ್ಟು ವರ್ಷ ತೆರೆಯಬಾರದು ಎಂಬ ಷರತ್ತನ್ನು ಕುಟುಂಬದವರು ಒಪ್ಪಂದದಲ್ಲೇ ಬರೆಸಬಹುದು.

ಎಲ್ಲಿಗೆ ಕೊಡುವುದು

ಕೊಡುವ ಮೊದಲು ಆ ಸಂಸ್ಥೆಯನ್ನು ಕೇಳಬೇಕಾದ ಪ್ರಶ್ನೆಗಳು ಕೆಲವು: ಮಳೆಗಾಲದಲ್ಲಿ ಕೋಣೆಯ ತೇವ ನಿಯಂತ್ರಿಸಲು ಏನಿದೆ, ಕಡತಗಳ ಎಷ್ಟು ಪ್ರತಿಗಳನ್ನು ಎಲ್ಲೆಲ್ಲಿ ಇಡುತ್ತೀರಿ, ಸೂಚಿ ಹೊರಗಿನವರಿಗೆ ಕಾಣುತ್ತದೆಯೇ, ಈಗಿನ ಗ್ರಂಥಪಾಲಕರು ನಿವೃತ್ತರಾದ ಮೇಲೆ ಇದರ ಹೊಣೆ ಯಾರದ್ದು. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ ಬೆಳೆದು, ಕರಾವಳಿಯ ಕಲೆಗಳನ್ನು ಧ್ವನಿ ಮತ್ತು ಚಿತ್ರಗಳಲ್ಲಿ ದಾಖಲಿಸಿದ ಕೆಲಸಕ್ಕೆ ಹತ್ತಿರದ ಮಾದರಿ. ರಾಷ್ಟ್ರ ಮಟ್ಟದಲ್ಲಿ ದೆಹಲಿಯ ಸಂಗೀತ ನಾಟಕ ಅಕಾಡೆಮಿಯ ಸಂಗ್ರಹವೂ, 1982ರಲ್ಲಿ ಆರಂಭವಾಗಿ ಈಗ ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗೀತ ಸಂಗ್ರಹಾಲಯವೂ ಇವೆ. ಮೂಲ ಟೇಪು ಒಂದು ಕಡೆ, ಡಿಜಿಟಲ್ ಪ್ರತಿ ಇನ್ನೊಂದು ಕಡೆ ಎಂದು ಹಂಚುವುದರಲ್ಲಿ ತಪ್ಪಿಲ್ಲ.

ಕಡತಗಳ ಕನಿಷ್ಠ ಮೂರು ಪ್ರತಿಗಳಿರಲಿ, ಎರಡು ಬಗೆಯ ಮಾಧ್ಯಮದಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ಮಂಗಳೂರಿನಲ್ಲೊಂದು ಉಡುಪಿಯಲ್ಲೊಂದು ಇಟ್ಟರೆ ಎರಡೂ ಒಂದೇ ಮಳೆಯಲ್ಲಿ ನೆನೆಯುತ್ತವೆ. ಮೂರನೆಯದು ಘಟ್ಟದ ಮೇಲೆ ಹೋಗಲಿ. ಪ್ರತಿ ಕಡತಕ್ಕೂ ಚೆಕ್‌ಸಮ್ ಎಂಬ ಅಂಕಿಗುರುತು ತೆಗೆದಿಟ್ಟುಕೊಂಡು, ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕಿಸಿ ಹೋಲಿಸಿದರೆ, ಕಿವಿಗೆ ಗೊತ್ತಾಗದ ಹಾನಿಯೂ ಸಿಕ್ಕಿಬೀಳುತ್ತದೆ. ಹಾರ್ಡ್ ಡಿಸ್ಕನ್ನು ಐದು ವರ್ಷಕ್ಕಿಂತ ಹೆಚ್ಚು ನಂಬಬೇಡಿ.

ಎಲ್ಲ ಮುಗಿದ ಮೇಲೆ ಗ್ರಂಥಾಲಯದ ಹುಡುಕು ಪೆಟ್ಟಿಗೆಯಲ್ಲಿ ಪಿಟೀಲು ವಿದ್ವಾಂಸರ ಹೆಸರನ್ನು ಮಾತ್ರ ಬರೆದು ನೋಡಿ. ನಮ್ಮ ಟ್ರಂಕಿನ 200 ವಸ್ತುಗಳಲ್ಲಿ ಚೀಟಿಗಳ ಲೆಕ್ಕದಲ್ಲಿ 9 ಇದ್ದದ್ದು ಈಗ 163 ಆಗಿದೆ. 26ರಲ್ಲಿ ನುಡಿಸಿದವರು ಬೇರೆಯವರೆಂದು ಗೊತ್ತಾಗಿ, ಅವರವರ ಹೆಸರಿಗೆ ಹೋಗಿವೆ. ಉಳಿದ 11ನ್ನು ‘ಪಿಟೀಲು: ಗುರುತಿಸಿಲ್ಲ’ ಎಂದು ಬರೆದು, ಹಿರಿಯ ಮೃದಂಗ ವಿದ್ವಾಂಸರೊಬ್ಬರು ಮಳೆ ಬಿಟ್ಟ ಮೇಲೆ ಬಂದು ಕೇಳುತ್ತೇನೆ ಎಂದಿರುವುದರಿಂದ, ಬೇರೆ ಕಡತಕೋಶದಲ್ಲಿ ಇಟ್ಟಿದ್ದೇವೆ.